ಯಾರಿಗೆ ಯಾವ ಪುಸ್ತಕ?
(ಹದಿಹರೆಯದ ಓದುಗರೂ ಗ್ರಂಥಾಲಯಗಳೂ: ಒಂದು ಐತಿಹಾಸಿಕ ಅವಲೋಕನ)

ಹದಿನೈದು ವರ್ಷದ ಬಾಲಕನೊಬ್ಬ ಗ್ರಂಥಾಲಯದ ಬಾಗಿಲಲ್ಲಿ ನಿಂತು, "ನನಗೆ ಓದಲಿಕ್ಕೆ ಒಂದು ಒಳ್ಳೆಯ ಪುಸ್ತಕ ಕೊಡಿರಿ" ಎಂದು ಕೇಳುತ್ತಾನೆ. ಈ ಪ್ರಶ್ನೆ ಕೇಳುವುದಕ್ಕೆ ಅತ್ಯಂತ ಸರಳವಾದುದು. ಉತ್ತರಿಸುವುದಕ್ಕೆ ಮಾತ್ರ ಅಷ್ಟೇ ಕಠಿಣವಾದುದು. ಕೆಲವರು ತಮಗೆ ಪ್ರಿಯವಾದ ಗ್ರಂಥವನ್ನು ಅವನ ಕೈಗಿಡುತ್ತಾರೆ. ಕೆಲವರು ಅವನು ಓದಲೇಬೇಕೆಂದು ತಾವು ನಿಶ್ಚಯಿಸಿಕೊಂಡ ಗ್ರಂಥವನ್ನು ಕೊಡುತ್ತಾರೆ. ಇನ್ನು ಕೆಲವರು ಕಪಾಟಿನತ್ತ ಕೈ ತೋರಿಸಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಈ ಮೂವರಲ್ಲಿ ಯಾರೊಬ್ಬರೂ ಎದುರಿಗೆ ನಿಂತ ಬಾಲಕನನ್ನು ನೋಡಿದಂತಾಗಲಿಲ್ಲ.

ನಮ್ಮ ಪ್ರಾಚೀನ ಶಾಸ್ತ್ರಕಾರರು ಗ್ರಂಥಾರಂಭದಲ್ಲಿಯೇ ನಾಲ್ಕು ಸಂಗತಿಗಳನ್ನು ನಿರೂಪಿಸುವ ಸಂಪ್ರದಾಯವನ್ನಿಟ್ಟುಕೊಂಡಿದ್ದರು. ವಿಷಯ, ಪ್ರಯೋಜನ, ಸಂಬಂಧ ಹಾಗೂ ಅಧಿಕಾರಿ ಎಂಬ ಈ ನಾಲ್ಕಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇಲ್ಲಿ 'ಅಧಿಕಾರಿ' ಎಂದರೆ ಆಳುವವನಲ್ಲ; ಆ ಗ್ರಂಥವನ್ನು ಓದಲು ಸಿದ್ಧನಾದವನು, ಅದರ ಅಪೇಕ್ಷೆಯುಳ್ಳವನು. ಗ್ರಂಥವೆಷ್ಟೇ ಶ್ರೇಷ್ಠವಾಗಿರಲಿ, ಅಧಿಕಾರಿಯನ್ನರಿಯದೆ ಅದನ್ನು ಕೊಟ್ಟರೆ ಫಲವಿಲ್ಲವೆಂಬುದು ಅದರ ತಾತ್ಪರ್ಯ. ಪಾಠಶಾಲೆಯ ಎಳೆಯ ದಿನಗಳಲ್ಲಿ ಈ ಮಾತನ್ನು ಕಂಠಪಾಠ ಮಾಡಿದ್ದ ನಾವು ಅದರ ಅರ್ಥವನ್ನು ತಿಳಿದುಕೊಂಡದ್ದು ಬಹುಕಾಲದ ನಂತರ, ಅದೂ ದೂರದ ಅಮೇರಿಕಾ ದೇಶದ ಗ್ರಂಥಪಾಲಕಿಯರ ಇತಿಹಾಸವನ್ನು ಓದುವಾಗ. ಹದಿಹರೆಯದವರಿಗೆ ಪುಸ್ತಕ ಸೂಚಿಸುವ ಕಾರ್ಯವು ಒಂದು ಪ್ರತ್ಯೇಕ ವಿದ್ಯೆಯಾಗಿ, ವೃತ್ತಿಯಾಗಿ ಬೆಳೆದುದು ಅಲ್ಲಿಯ ಕೆಲವು ನಗರಗಳಲ್ಲಿ. ಆ ಇತಿಹಾಸವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮುಚ್ಚಿದ ಬಾಗಿಲು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೇರಿಕಾದ ಊರೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತಲೆಯೆತ್ತಿದವು. ಆದರೆ ಅವು ವಯಸ್ಕರಿಗಾಗಿ ನಿರ್ಮಿತವಾದವು. ಹನ್ನೆರಡು ಅಥವಾ ಹದಿನಾಲ್ಕು ವರ್ಷ ತುಂಬದವರಿಗೆ ಪ್ರವೇಶವಿಲ್ಲವೆಂಬ ನಿಯಮ ಅನೇಕ ಕಡೆಗಳಲ್ಲಿತ್ತು. ಹುಡುಗರು ಗದ್ದಲ ಮಾಡುತ್ತಾರೆ, ಪುಸ್ತಕ ಹರಿಯುತ್ತಾರೆ, ಕಥೆ ಕಾದಂಬರಿಗಳ ಗೀಳಿಗೆ ಬಿದ್ದು ಕೆಡುತ್ತಾರೆ ಎಂಬುವು ಅದಕ್ಕೆ ಕೊಡುತ್ತಿದ್ದ ಕಾರಣಗಳು. ಅಂಗಡಿಗಳಲ್ಲಿ ಕೆಲವೇ ಕಾಸಿಗೆ ಸಿಗುತ್ತಿದ್ದ ಸಾಹಸದ ಅಗ್ಗದ ಕಾದಂಬರಿಗಳನ್ನು ಹುಡುಗರು ಬಚ್ಚಿಟ್ಟುಕೊಂಡು ಓದುತ್ತಿದ್ದುದು ಹಿರಿಯರ ಚಿಂತೆಗೆ ಕಾರಣವಾಗಿತ್ತು. ಗ್ರಂಥಾಲಯದ ಬಾಗಿಲು ಮುಚ್ಚಿದ್ದರಿಂದಲೇ ಹುಡುಗರು ಆ ಅಂಗಡಿಗಳಿಗೆ ಹೋಗುತ್ತಿದ್ದರೆಂಬುದು ಮಾತ್ರ ಬಹಳ ಜನರಿಗೆ ಹೊಳೆದಿರಲಿಲ್ಲ.

ಹೊಳೆದವರು ಕೆಲವರಿದ್ದರು. 1876ರಲ್ಲಿ ವೂಸ್ಟರ್ ನಗರದ ಗ್ರಂಥಪಾಲಕ ಸ್ಯಾಮ್ಯುಯಲ್ ಗ್ರೀನ್ ಎಂಬವರು, ಗ್ರಂಥಪಾಲಕನು ಕೇವಲ ಪುಸ್ತಕಗಳ ಕಾವಲುಗಾರನಾಗದೆ ಓದುಗರೊಡನೆ ಆತ್ಮೀಯ ಸಂಬಂಧವನ್ನಿಟ್ಟುಕೊಂಡು ಅವರಿಗೆ ನೆರವಾಗಬೇಕೆಂದು ಪ್ರತಿಪಾದಿಸಿದರು. 1877ರ ಸುಮಾರಿಗೆ ಪಾಟಕೆಟ್ ಎಂಬ ಗಿರಣಿಗಳ ಊರಿನಲ್ಲಿ ಮಿನರ್ವಾ ಸ್ಯಾಂಡರ್ಸ್ ಎಂಬ ಮಹಿಳೆ ಮಕ್ಕಳಿಗಾಗಿ ಬಾಗಿಲು ತೆರೆದು, ಕುರ್ಚಿಗಳ ಕಾಲುಗಳನ್ನು ಕತ್ತರಿಸಿ ತಗ್ಗಿಸಿ, ಅವರನ್ನು ಕೂಡಿಸಿದರು. ಹಾರ್ಟ್‌ಫರ್ಡ್ ನಗರದ ಕ್ಯಾರೊಲೈನ್ ಹ್ಯೂಯಿನ್ಸ್ ಅವರು 1882ರಲ್ಲಿ ಎಳೆಯರಿಗೆ ಯೋಗ್ಯವಾದ ಪುಸ್ತಕಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಮುಂದೆ 1906ರಲ್ಲಿ ಆನ್ ಕ್ಯಾರಲ್ ಮೂರ್ ಅವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದ ಮುಖ್ಯಸ್ಥರಾದ ಮೇಲೆ ಮಕ್ಕಳ ಕೊಠಡಿಯೆಂಬುದು ಆ ನಗರದ ಗ್ರಂಥಾಲಯಗಳ ಅಭಿನ್ನ ಅಂಗವಾಯಿತು.

ಹೀಗೆ ಮಕ್ಕಳಿಗೆ ಒಂದು ಕೊಠಡಿಯೂ ಹಿರಿಯರಿಗೆ ಒಂದು ಸಭಾಂಗಣವೂ ಒದಗಿದವು. ಇವೆರಡರ ನಡುವೆ ಮಾತ್ರ ಒಂದು ಕಂದರ ಉಳಿಯಿತು. ಹದಿನಾಲ್ಕು ತುಂಬಿದ ಹುಡುಗನಿಗೆ ಮಕ್ಕಳ ಕೊಠಡಿಯ ತಗ್ಗು ಕುರ್ಚಿ ಸಾಲದು; ಹಿರಿಯರ ಸಭಾಂಗಣದ ಎತ್ತರದ ಕಪಾಟುಗಳ ನಡುವೆ ಅವನನ್ನು ವಿಚಾರಿಸುವವರಿಲ್ಲ. ಅವನು ಒಂದೆರಡು ಸಲ ಬಂದು ತಿರುಗಾಡಿ ಹೋದವನು ಮತ್ತೆ ಬರುತ್ತಿರಲಿಲ್ಲ. ಅಮೇರಿಕಾದಲ್ಲಿ 1900ರ ಸುಮಾರಿಗೆ ಹದಿನಾಲ್ಕರಿಂದ ಹದಿನೇಳು ವಯಸ್ಸಿನವರಲ್ಲಿ ಪ್ರೌಢಶಾಲೆಯಲ್ಲಿದ್ದವರು ಹತ್ತರಲ್ಲಿ ಒಬ್ಬರಷ್ಟೇ. 1940ರ ವೇಳೆಗೆ ಅದು ಹತ್ತರಲ್ಲಿ ಏಳಕ್ಕೇರಿತು. ಗಿರಣಿಯಲ್ಲೋ ಹೊಲದಲ್ಲೋ ಇರುತ್ತಿದ್ದ ಒಂದು ಇಡೀ ಪೀಳಿಗೆ ಅಕ್ಷರ ಕಲಿತು, ಬಿಡುವು ಪಡೆದು, ಕೈಯಲ್ಲಿ ಪುಸ್ತಕವಿಲ್ಲದೆ ನಿಂತಿತು. ಹದಿಹರೆಯದ ಓದುಗನೆಂಬ ಹೊಸ ಅಧಿಕಾರಿ ಹುಟ್ಟಿದ್ದು ಹೀಗೆ.

ಪಟ್ಟಿಯಿಂದ ಮಾತುಕತೆಗೆ

ಈ ಕಂದರಕ್ಕೆ ಸೇತುವೆ ಕಟ್ಟಿದವರಲ್ಲಿ ಮೊದಲಿಗರು ಮೇಬಲ್ ವಿಲಿಯಮ್ಸ್. 1916ರಲ್ಲಿ ನ್ಯೂಯಾರ್ಕ್ ಗ್ರಂಥಾಲಯವನ್ನು ಸೇರಿದ ಅವರು ಪ್ರೌಢಶಾಲೆಗಳೊಡನೆ ಸಂಪರ್ಕ ಬೆಳೆಸಿ, ಶಾಖಾ ಗ್ರಂಥಾಲಯಗಳಲ್ಲಿ ಹದಿಹರೆಯದವರಿಗೆಂದೇ ಕಪಾಟುಗಳನ್ನೂ ಸಹಾಯಕರನ್ನೂ ಏರ್ಪಡಿಸಿದರು. ಆ ಗ್ರಂಥಾಲಯವು 1929ರಿಂದ ಪ್ರತಿವರ್ಷವೂ ಹದಿಹರೆಯದವರಿಗಾಗಿ ಪುಸ್ತಕಗಳ ಪಟ್ಟಿಯನ್ನು ಪ್ರಕಟಿಸತೊಡಗಿತು. ಅದು ಎಷ್ಟೋ ದಶಕಗಳ ಕಾಲ ನಡೆದುಬಂದಿತು. ಇತ್ತ ಕ್ಲೀವ್‌ಲ್ಯಾಂಡ್ ನಗರದಲ್ಲಿ 1925ರಲ್ಲಿ ತರುಣರಿಗಾಗಿಯೇ ಪ್ರತ್ಯೇಕ ಕೊಠಡಿ ತೆರೆಯಿತು. ಅದಕ್ಕೆ ಸಾಹಸಕಥೆಗಳ ಕರ್ತೃವಾದ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಹೆಸರನ್ನಿಟ್ಟರೆಂಬುದೇ ಅವರ ಮನೋಧರ್ಮವನ್ನು ಸೂಚಿಸುತ್ತದೆ. ಉಪದೇಶಕನ ಹೆಸರನ್ನಿಡಲಿಲ್ಲ, ಹುಡುಗರಿಗೆ ಪ್ರಿಯನಾದ ಕಥೆಗಾರನ ಹೆಸರನ್ನಿಟ್ಟರು.

ಮೇಬಲ್ ವಿಲಿಯಮ್ಸರ ಕೈಕೆಳಗೆ ಪಳಗಿದ ಮಾರ್ಗರೆಟ್ ಸ್ಕಾಗಿನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಕೇವಲ ಮಕ್ಕಳಿಗೂ ತರುಣರಿಗೂ ಮೀಸಲಾಗಿ ತೆರೆದ ನೇಥನ್ ಸ್ಟ್ರಾಸ್ ಶಾಖೆಯ ಹೊಣೆ ಅವರದಾಗಿತ್ತು. ಯಾವ ಪುಸ್ತಕ ಒಳ್ಳೆಯದೆಂದು ಹಿರಿಯರು ಹೇಳಿದ್ದಾಯಿತು, ಇನ್ನು ಹುಡುಗರೇ ಹೇಳಲಿ ಎಂದು ಅವರು ತರುಣರಿಂದಲೇ ವಿಮರ್ಶೆಗಳನ್ನು ಬರೆಯಿಸಿದರು. ರೇಡಿಯೋದಲ್ಲಿ ಅವರಿಂದ ಪುಸ್ತಕಗಳ ಚರ್ಚೆ ಮಾಡಿಸಿದರು. ಹುಡುಗರ ಮಾತನ್ನು ಕೇಳುವ ಈ ಅಭ್ಯಾಸವು ಮಹಾಯುದ್ಧದ ಬಳಿಕ ಜರ್ಮನಿಗೂ ಹೋಯಿತು. ನಾಜಿಗಳ ಕಾಲದಲ್ಲಿ ದೇಶ ಬಿಟ್ಟುಹೋಗಬೇಕಾಗಿ ಬಂದಿದ್ದ ಯೆಹೂದಿ ಲೇಖಕಿ ಯೆಲ್ಲಾ ಲೆಪ್‌ಮನ್ ಯುದ್ಧಾನಂತರ ಮರಳಿ ಬಂದು, ಪಾಳುಬಿದ್ದ ಮ್ಯೂನಿಕ್ ನಗರದಲ್ಲಿ 1946ರಲ್ಲಿ ಅಂತರರಾಷ್ಟ್ರೀಯ ಬಾಲಪುಸ್ತಕ ಪ್ರದರ್ಶನವನ್ನೂ 1949ರಲ್ಲಿ ಅಂತರರಾಷ್ಟ್ರೀಯ ಯುವ ಗ್ರಂಥಾಲಯವನ್ನೂ ಏರ್ಪಡಿಸಿದಾಗ ಸ್ಕಾಗಿನ್ ಅವರಿಗೆ ನೆರವಾದರು. ದ್ವೇಷವನ್ನೇ ಪಾಠವಾಗಿ ಕಲಿತಿದ್ದ ಮಕ್ಕಳ ಕೈಗೆ ಅನ್ಯದೇಶಗಳ ಪುಸ್ತಕಗಳನ್ನಿಟ್ಟು, ಅವರಿಗೆ ಅನಿಸಿದ್ದನ್ನು ಭಯವಿಲ್ಲದೆ ಹೇಳಲು ಬಿಟ್ಟದ್ದು ಅಲ್ಲಿಯ ವೈಶಿಷ್ಟ್ಯ.

ಬಾಲ್ಟಿಮೋರಿನ ಮಾರ್ಗರೆಟ್ ಎಡ್ವರ್ಡ್ಸ್

ಆದರೆ ಈ ಇತಿಹಾಸದಲ್ಲಿ ನಮ್ಮನ್ನು ಅತ್ಯಂತ ಆಕರ್ಷಿಸಿದ ವ್ಯಕ್ತಿ ಬಾಲ್ಟಿಮೋರ್ ನಗರದ ಮಾರ್ಗರೆಟ್ ಎಡ್ವರ್ಡ್ಸ್. 1902ರಲ್ಲಿ ಟೆಕ್ಸಾಸಿನ ಸಣ್ಣ ಊರೊಂದರಲ್ಲಿ ಜನಿಸಿ, ಕೆಲಕಾಲ ಶಾಲಾ ಶಿಕ್ಷಕಿಯಾಗಿದ್ದು, 1932ರಲ್ಲಿ ಎನೋಕ್ ಪ್ರಾಟ್ ಗ್ರಂಥಾಲಯವನ್ನು ಸೇರಿದವರು ಇವರು. ಎನೋಕ್ ಪ್ರಾಟ್ ಎಂಬ ವರ್ತಕನ ದಾನದಿಂದ 1886ರಲ್ಲಿ ಬಾಗಿಲು ತೆರೆದ ಆ ಗ್ರಂಥಾಲಯದಲ್ಲಿ ಅವರು 1962ರವರೆಗೆ ಸೇವೆ ಸಲ್ಲಿಸಿ, ಅತ್ಯಲ್ಪ ಸಂಗ್ರಹದಿಂದ ಮೊದಲುಮಾಡಿ ನಗರದ ಎಲ್ಲ ಶಾಖೆಗಳಿಗೂ ಹರಡಿದ ತರುಣ ವಿಭಾಗವನ್ನು ಕಟ್ಟಿದರು.

ಅವರ ಪದ್ಧತಿಯ ಮೊದಲ ನಿಯಮವು ಕೇಳಲು ಸುಲಭ, ಪಾಲಿಸಲು ದುಷ್ಕರ. ಪುಸ್ತಕವನ್ನು ಸೂಚಿಸುವವನು ಮೊದಲು ಅದನ್ನು ಓದಿರಬೇಕು. ತಮ್ಮ ಕೈಕೆಳಗೆ ತರಬೇತಿಗೆ ಬಂದ ಪ್ರತಿಯೊಬ್ಬ ಸಹಾಯಕನೂ ಪಟ್ಟಿಯಲ್ಲಿಯ 300 ಪುಸ್ತಕಗಳನ್ನು ಓದಿ, ಕೆಲಕೆಲವಾಗಿ ಅವುಗಳ ಬಗ್ಗೆ ತಮ್ಮೊಡನೆ ಕುಳಿತು ಚರ್ಚಿಸಬೇಕೆಂದು ಅವರು ವಿಧಿಸಿದ್ದರು. ಪದವಿ ಪಡೆದು ಬಂದವರಿಗೆ ಇದು ಅವಮಾನವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮುನ್ನುಡಿ ಓದಿ ಪುಸ್ತಕವನ್ನು ಹೊಗಳುವವನ ಮಾತಿನಲ್ಲಿ ಬಿಸಿಯಿರುವುದಿಲ್ಲ. ಹದಿಹರೆಯದವರು ಆ ತಣ್ಣನೆಯ ಮಾತನ್ನು ಕ್ಷಣಾರ್ಧದಲ್ಲಿ ಗುರುತಿಸುತ್ತಾರೆ. ವೈದ್ಯನು ಔಷಧದ ಗುಣವನ್ನರಿಯದೆ ಕೊಡುವುದುಂಟೆ?

ಎರಡನೆಯ ನಿಯಮವೆಂದರೆ ಮೇಜಿನ ಹಿಂದೆ ಕುಳಿತಿರಬಾರದು. ಕೇಳುವ ಧೈರ್ಯವಿಲ್ಲದೆ ಕಪಾಟುಗಳ ನಡುವೆ ಸುಳಿದಾಡುವ ಹುಡುಗನ ಬಳಿಗೆ ತಾನಾಗಿ ಹೋಗಿ, ಸ್ನೇಹದಿಂದ ಮಾತನಾಡಿ, ಹಿಂದೆ ಓದಿ ಮೆಚ್ಚಿದ ಪುಸ್ತಕ ಯಾವುದೆಂದು ತಿಳಿದು, ಅದಕ್ಕೆ ಹತ್ತಿರವಾದ ಇನ್ನೊಂದನ್ನು ತೋರಿಸಬೇಕು. ಕೊಂಡೊಯ್ಯುವುದೂ ಬಿಡುವುದೂ ಅವನ ಇಚ್ಛೆ. ಮೂರನೆಯದು, ಗ್ರಂಥಾಲಯಕ್ಕೆ ಬಾರದವರ ಬಳಿಗೆ ಗ್ರಂಥಾಲಯವೇ ಹೋಗುವುದು. ಅವರೂ ಅವರ ಸಹಾಯಕರೂ ಪ್ರೌಢಶಾಲೆಗಳಿಗೆ ಹೋಗಿ ಪುಸ್ತಕಗಳ ಕುರಿತು ಭಾಷಣ ಮಾಡುತ್ತಿದ್ದರು. ಇಲ್ಲಿ ಭಾಷಣವೆಂದರೆ ವಿಮರ್ಶೆಯಲ್ಲ, ನೀತಿಬೋಧೆಯಂತೂ ಅಲ್ಲ. ಚೆನ್ನಾಗಿ ಸಿದ್ಧಪಡಿಸಿಕೊಂಡು ಕಥೆಯ ಒಂದು ಭಾಗವನ್ನು ಸ್ವಾರಸ್ಯವಾಗಿ ಹೇಳಿ, ಮುಂದೇನಾಯಿತೆಂಬ ಕುತೂಹಲವನ್ನು ಕೆರಳಿಸಿ ನಿಲ್ಲಿಸುವುದು. ಉಳಿದುದನ್ನು ಪುಸ್ತಕವೇ ಹೇಳಬೇಕು. ನಮ್ಮ ಕೀರ್ತನಕಾರರೂ ಪುರಾಣಿಕರೂ ಬಲ್ಲ ಉಪಾಯವೇ ಇದು. ನಾಳೆಯ ಕಥೆಗೆ ಇಂದಿನ ಮಾತಿನಲ್ಲಿ ಕೊಂಡಿ ಹಾಕದ ಪುರಾಣಿಕನ ಮುಂದೆ ಮರುದಿನ ಯಾರು ಕೂಡುತ್ತಾರೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವವುಂಟಾಗಿದ್ದಾಗ ಎಡ್ವರ್ಡ್ಸರು ಕುದುರೆ ಕಟ್ಟಿದ ಬಂಡಿಯಲ್ಲಿ ಪುಸ್ತಕಗಳನ್ನು ತುಂಬಿಕೊಂಡು ಬಾಲ್ಟಿಮೋರಿನ ಬಡ ಕೇರಿಗಳಿಗೆ ಹೋದರು. ಆ ನಗರದಲ್ಲಿ ಹಣ್ಣು ತರಕಾರಿಗಳನ್ನು ಕುದುರೆಗಾಡಿಯಲ್ಲಿ ಮಾರುವ ರೂಢಿಯಿತ್ತು. ಜನ ಅದೇ ರೀತಿಯಲ್ಲಿ ಬಂದ ಪುಸ್ತಕದ ಬಂಡಿಯ ಸುತ್ತಲೂ ನೆರೆದರು. ಗ್ರಂಥಾಲಯದ ಮೆಟ್ಟಿಲನ್ನು ಎಂದೂ ಹತ್ತದಿದ್ದವರು ತಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಪುಸ್ತಕ ಹಿಡಿದರು.

ಅವರ ದೃಷ್ಟಿಯಲ್ಲಿ ಓದು ಒಂದು ಏಣಿ. ಹುಡುಗಿಯೊಬ್ಬಳು ಪ್ರೇಮಕಥೆಯನ್ನು ಕೇಳಿದರೆ ಮೂಗು ಮುರಿಯದೆ ಒಳ್ಳೆಯ ಪ್ರೇಮಕಥೆಯನ್ನೇ ಕೊಡಬೇಕು. ಅದು ಮೊದಲ ಮೆಟ್ಟಿಲು. ಅಲ್ಲಿಂದ ಮನುಷ್ಯಸ್ವಭಾವವನ್ನು ಆಳವಾಗಿ ಚಿತ್ರಿಸುವ ಕಾದಂಬರಿಗೆ, ಅಲ್ಲಿಂದ ಅನ್ಯರ ಕಷ್ಟವನ್ನರಿಯುವ ಪುಸ್ತಕಕ್ಕೆ, ಕೊನೆಗೆ ಇಡೀ ಜಗತ್ತನ್ನು ತನ್ನದೆಂದು ಬಗೆಯುವ ಓದಿಗೆ ಅವಳನ್ನು ನಡೆಸಿಕೊಂಡು ಹೋಗಬೇಕು. ಮೊದಲ ಮೆಟ್ಟಿಲನ್ನು ಕಿತ್ತುಹಾಕಿ ಮೇಲಿನ ಮೆಟ್ಟಿಲನ್ನು ತೋರಿಸಿದರೆ ಹತ್ತುವವರಿಲ್ಲ. ಮೊದಲ ಮೆಟ್ಟಿಲಿನಲ್ಲಿಯೇ ಬಿಟ್ಟುಬಂದರೆ ಕರ್ತವ್ಯ ಮುಗಿಯಲಿಲ್ಲ. ನಿವೃತ್ತಿಯ ನಂತರ, 1969ರಲ್ಲಿ ಅವರು ತಮ್ಮ ಅನುಭವವನ್ನೆಲ್ಲ ಪುಸ್ತಕವಾಗಿ ಬರೆದರು. 'ಸುಂದರವಾದ ತೋಟವೂ ಮೃಗಗಳ ಹಿಂಡೂ' ಎಂದು ಅದರ ಹೆಸರಿನ ಅರ್ಥ. ಗ್ರಂಥಾಲಯವೆಂಬ ಅಂದವಾದ ತೋಟಕ್ಕೆ ನುಗ್ಗಿ ಅದನ್ನು ತುಳಿದುಹಾಕುವ ಮೃಗಗಳೆಂದು ಹಿರಿಯರು ಯಾರನ್ನು ಭಾವಿಸಿದ್ದರೋ ಅವರಿಗಾಗಿಯೇ ಆ ತೋಟವಿದೆಯೆಂಬುದು ಅವರ ವಾದದ ಸಾರ.

ಆದರೆ ಇತಿಹಾಸಕಾರನು ಒಂದು ಕಹಿ ಸಂಗತಿಯನ್ನು ಮರೆಮಾಚಬಾರದು. ಇದೇ ಗ್ರಂಥಾಲಯದ ತರಬೇತಿ ವರ್ಗಕ್ಕೆ 1943ರಲ್ಲಿ ಅರ್ಜಿ ಹಾಕಿದ ಲೂಯಿಸ್ ಕೆರ್ ಎಂಬ ಕರಿಯ ಜನಾಂಗದ ತರುಣಿಗೆ, ಕೇವಲ ಆಕೆಯ ವರ್ಣದ ಕಾರಣದಿಂದ ಆಡಳಿತ ಮಂಡಳಿಯು ಪ್ರವೇಶವನ್ನು ನಿರಾಕರಿಸಿತು. ಆಕೆ ನ್ಯಾಯಾಲಯದ ಮೊರೆಹೊಕ್ಕರು. ಕೆಳಗಿನ ನ್ಯಾಯಾಲಯದಲ್ಲಿ ಸೋತರೂ 1945ರಲ್ಲಿ ಮೇಲ್ಮನವಿಯ ನ್ಯಾಯಾಲಯದಲ್ಲಿ ಗೆದ್ದರು. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆ ಹೀಗೆ ಭೇದವೆಣಿಸುವಂತಿಲ್ಲವೆಂಬುದು ಆ ತೀರ್ಪಿನ ಸಾರ. ಓದುವವನ ಯೋಗ್ಯತೆಯನ್ನು ಅವನ ಅಪೇಕ್ಷೆಯಿಂದ ಅಳೆಯಬೇಕೇ ಹೊರತು ಹುಟ್ಟಿನಿಂದಲ್ಲ. ಅಧಿಕಾರವೆಂಬ ಶಬ್ದವನ್ನು ಹುಟ್ಟಿಗೆ ಕಟ್ಟಿಹಾಕಿ ಕೋಟ್ಯಂತರ ಜನರನ್ನು ಅಕ್ಷರದಿಂದ ದೂರವಿಟ್ಟ ದೇಶದವರಾದ ನಾವು ಈ ಪ್ರಸಂಗವನ್ನು ಓದಿ ಅನ್ಯರನ್ನು ಹಳಿಯುವಂತಿಲ್ಲ. ನಮ್ಮನ್ನು ನಾವೇ ನೋಡಿಕೊಳ್ಳಬೇಕು.

ಹೊಸ ಪುಸ್ತಕಗಳು, ಹೊಸ ವಿವಾದಗಳು

ಓದುಗರು ಹುಟ್ಟಿದ ಮೇಲೆ ಅವರಿಗಾಗಿ ಬರೆಯುವವರೂ ಹುಟ್ಟಿದರು. 1942ರಲ್ಲಿ ಮಾರೀನ್ ಡೇಲಿ ಎಂಬ ತರುಣಿ ಬರೆದ ಹದಿನೇಳರ ಹರೆಯದ ಬೇಸಿಗೆಯ ಕಥೆ ಪ್ರಸಿದ್ಧವಾಯಿತು. 1967ರಲ್ಲಿ ಪ್ರಕಟವಾದ ಹಿಂಟನ್ ಎಂಬಾಕೆಯ ಕಾದಂಬರಿಯಂತೂ ಒಂದು ಯುಗವನ್ನೇ ತೆರೆಯಿತು. ಓಕ್ಲಹೋಮಾದ ಟಲ್ಸಾ ನಗರದ ಆ ಹುಡುಗಿ ಅದನ್ನು ಬರೆಯಲು ತೊಡಗಿದ್ದು ಹದಿನೈದನೆಯ ವಯಸ್ಸಿನಲ್ಲಿ. ಅಚ್ಚಾದಾಗ ಆಕೆಗೆ ಹದಿನೆಂಟು. ಬಡ ಹುಡುಗರೂ ಸಿರಿವಂತರ ಮಕ್ಕಳೂ ಗುಂಪುಕಟ್ಟಿ ಹೊಡೆದಾಡುವ ಕಥೆಯದು. ತನ್ನ ಓರಗೆಯವರ ನಿಜವಾದ ಬದುಕು ಪುಸ್ತಕಗಳಲ್ಲಿ ಕಾಣುತ್ತಿಲ್ಲವೆಂಬ ಅತೃಪ್ತಿಯೇ ಆಕೆಯನ್ನು ಬರೆಯಲು ಪ್ರೇರೇಪಿಸಿತು. ಅದೇ 1967ರಲ್ಲಿ ಅಮೇರಿಕಾದ ಗ್ರಂಥಾಲಯ ಸಂಘವು ಓದುಗರ ಹಕ್ಕುಗಳ ತನ್ನ ಘೋಷಣೆಯಲ್ಲಿ, ವಯಸ್ಸಿನ ಕಾರಣದಿಂದ ಗ್ರಂಥಾಲಯದ ಬಳಕೆಯನ್ನು ನಿರಾಕರಿಸಬಾರದೆಂಬ ಅಂಶವನ್ನು ಸೇರಿಸಿತು. ಹನ್ನೆರಡು ವರ್ಷ ತುಂಬದವರಿಗೆ ಬಾಗಿಲು ಮುಚ್ಚಿದ್ದ ದೇಶ ನೂರು ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿತ್ತು.

ವಿವಾದಗಳು ಮಾತ್ರ ಮುಗಿಯಲಿಲ್ಲ. 1974ರಲ್ಲಿ ಬಂದ ರಾಬರ್ಟ್ ಕಾರ್ಮಿಯರರ ಕಾದಂಬರಿ, 1975ರಲ್ಲಿ ಬಂದ ಜೂಡಿ ಬ್ಲೂಮರ ಕಾದಂಬರಿ ಮೊದಲಾದವುಗಳನ್ನು ಶಾಲೆಗಳಿಂದಲೂ ಗ್ರಂಥಾಲಯಗಳಿಂದಲೂ ತೆಗೆದುಹಾಕಬೇಕೆಂಬ ಕೂಗು ಪದೇಪದೇ ಎದ್ದಿತು. ತಂದೆತಾಯಿಗಳ ಕಳವಳವನ್ನು ನಾವು ಹಗುರಾಗಿ ಕಾಣುವುದಿಲ್ಲ. ಎಲ್ಲ ಪುಸ್ತಕವೂ ಎಲ್ಲ ವಯಸ್ಸಿಗೂ ಹಿತವೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ನಿಷೇಧವು ಸುಲಭವಾದ ಮಾರ್ಗ. ಜೊತೆಗೆ ಕುಳಿತು ಓದಿ ಮಾತನಾಡುವುದು ಕಷ್ಟದ ಮಾರ್ಗ. ಓದುಗನನ್ನು ಬಲ್ಲ ಹಿರಿಯನೊಬ್ಬನಿದ್ದಲ್ಲಿ ಪುಸ್ತಕಕ್ಕೆ ಹೆದರುವ ಕಾರಣ ಬಹುಮಟ್ಟಿಗೆ ಇಲ್ಲವಾಗುತ್ತದೆಂಬುದೇ ಬಾಲ್ಟಿಮೋರಿನ ಪಾಠ. 1988ರಲ್ಲಿ ಎಡ್ವರ್ಡ್ಸರು ದಿವಂಗತರಾದರು. ಅದೇ ವರ್ಷ ಅವರ ಹೆಸರಿನ ಪ್ರಶಸ್ತಿ ಸ್ಥಾಪಿತವಾಗಿ ಮೊದಲನೆಯದು ಹಿಂಟನ್ ಅವರಿಗೆ ಸಂದಿತು.

ನಮ್ಮಲ್ಲಿ

ಈ ವಿಚಾರ ನಮ್ಮ ದೇಶಕ್ಕೆ ಪರಕೀಯವೇನಲ್ಲ. ಗಣಿತದ ಉಪಾಧ್ಯಾಯರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನದೇ ಆದ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರದೇ ಆದ ಓದುಗ ದೊರೆಯಬೇಕು ಎಂಬುದು ಅವುಗಳಲ್ಲಿ ಎರಡು ಸೂತ್ರಗಳ ಭಾವ. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಬಂಡಿಯ ಸಂಚಾರಿ ಗ್ರಂಥಾಲಯ ಹಳ್ಳಿಗಳ ಕಡೆಗೆ ಹೊರಟಿತು. ಬಾಲ್ಟಿಮೋರಿನ ಕುದುರೆಬಂಡಿಗಿಂತ ಹತ್ತು ವರ್ಷಗಳಷ್ಟು ಮೊದಲೇ! ಇನ್ನೂ ಹಿಂದೆ ಹೋದರೆ, ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದ ಗಳಗನಾಥರನ್ನು ನಮ್ಮ ನಾಡು ಮರೆಯುವಂತಿಲ್ಲ. ರಂಗನಾಥನ್ ಅವರು ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ಇಲ್ಲಿಯೇ ದೇಹವಿಟ್ಟರು. 1965ರಲ್ಲಿ ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಲಭಿಸಿತು.

ಪುಸ್ತಕಗಳೂ ಇಲ್ಲದಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿ ಏಕಾಂಗಿಯಾಗಿ 'ಬಾಲ ಪ್ರಪಂಚ'ವನ್ನು ರಚಿಸಿದರು. ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನ ಗಂಗೋತ್ರಿ'ಯೆಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಹೊರಬಂದಿತು. ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದ 'ಭಾರತ ಭಾರತಿ' ಮಾಲೆಯ ಪುಟ್ಟ ಜೀವನಚರಿತ್ರೆಗಳನ್ನು ಕೈಯಲ್ಲಿ ಹಿಡಿಯದೆ ಬೆಳೆದವರು ನಮ್ಮ ಪೀಳಿಗೆಯಲ್ಲಿ ವಿರಳ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಹದಿಹರೆಯದವರಿಗೆಂದು ಬರೆದುದಲ್ಲವಾದರೂ, ಹಾರುವ ಓತಿಯ ಬೆನ್ನುಹತ್ತಿ ಕಾಡು ಹೊಗುವ ಆ ಕಥೆಯನ್ನು ಎಷ್ಟೋ ಹುಡುಗರು ತಮ್ಮದಾಗಿಸಿಕೊಂಡಿದ್ದಾರೆ. 2020ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳತ್ತ ಮಕ್ಕಳನ್ನು ಸೆಳೆಯಲು 'ಓದುವ ಬೆಳಕು' ಎಂಬ ಕಾರ್ಯಕ್ರಮವೂ ಆರಂಭವಾಯಿತು. ಇಷ್ಟಾದರೂ ಶಿಶುಸಾಹಿತ್ಯಕ್ಕೂ ಪ್ರೌಢ ಸಾಹಿತ್ಯಕ್ಕೂ ನಡುವಣ ಕಂದರ ನಮ್ಮಲ್ಲಿ ಇನ್ನೂ ಅಗಲವಾಗಿಯೇ ಇದೆ. ಆ ಕಂದರದ ದಡದಲ್ಲಿ ನಿಂತು ಕೈಹಿಡಿಯುವವರು ಅದಕ್ಕಿಂತಲೂ ಕಡಿಮೆ.

ಇಲ್ಲಿ ನಮ್ಮ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಇಪ್ಪತ್ತೈದು ವರ್ಷಗಳ ಹಿಂದೆ, ವಿದ್ಯಾರ್ಥಿ ನಿಲಯದ ಪುಸ್ತಕ ಭಂಡಾರದ ಹೊಣೆ ನಮ್ಮ ಮೇಲಿದ್ದಾಗ, ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಬಂದು ಓದಲು ಪುಸ್ತಕ ಕೇಳಿದನು. ವಿಶ್ವವಿದ್ಯಾಲಯದಿಂದ ಆಗತಾನೆ ಹೊರಬಂದ ಉತ್ಸಾಹದಲ್ಲಿದ್ದ ನಾವು ದಪ್ಪನೆಯ ತತ್ತ್ವವಿಚಾರದ ಗ್ರಂಥವೊಂದನ್ನು ಅವನ ಕೈಗಿತ್ತೆವು. ನಾಲ್ಕು ದಿನಗಳ ನಂತರ ಅವನದನ್ನು ಮರಳಿಸಿದಾಗ, "ಏನು ತಿಳಿಯಿತು, ಹೇಳು ನೋಡೋಣ" ಎಂದು ಕೇಳಿದೆವು. ಹುಡುಗ ತಲೆ ತಗ್ಗಿಸಿ ನಿಂತನು. ಅಂದಿನಿಂದ ಆ ಕೊಠಡಿಯ ಕಡೆಗೆ ಸುಳಿಯಲಿಲ್ಲ. ಹಲವು ವರ್ಷಗಳ ಮೇಲೆ, ಒಳ್ಳೆಯ ಉದ್ಯೋಗದಲ್ಲಿರುವ ಗೃಹಸ್ಥನಾಗಿ ಮಠಕ್ಕೆ ಬಂದಾಗ ಅವನು ನಗುತ್ತ ಹೇಳಿದನು: "ಬುದ್ಧಿ, ಆಗ ನಾನು ಹಾಸಿಗೆಯ ಕೆಳಗೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದೆ. ತಾವು ಬಯ್ಯುತ್ತೀರೆಂಬ ಅಂಜಿಕೆಯಿಂದ ಅದನ್ನೂ ಬಿಟ್ಟೆ. ಆಮೇಲೆ ಪುಸ್ತಕವನ್ನೇ ಓದಲಿಲ್ಲ."

ಅವನು ನಗುತ್ತ ಹೇಳಿದನು. ನಮಗೆ ನಗು ಬರಲಿಲ್ಲ. ಅವನು ಏಣಿಯ ಮೊದಲ ಮೆಟ್ಟಿಲಿನ ಮೇಲೆ ನಿಂತಿದ್ದನು. ಅದು ಯಾವ ಪುಸ್ತಕವೆಂದು ಅಂದು ಕೇಳಿದ್ದರೆ ಎರಡನೆಯ ಮೆಟ್ಟಿಲನ್ನು ತೋರಿಸಬಹುದಾಗಿತ್ತು. ಇನ್ನೂ ಒಂದು ಸತ್ಯವನ್ನು ಹೇಳಿಬಿಡಬೇಕು. ಅವನಿಗೆ ಕೊಟ್ಟ ಆ ಗ್ರಂಥವನ್ನು ನಾವೂ ಅಂದಿಗೆ ಕೊನೆಯವರೆಗೆ ಓದಿರಲಿಲ್ಲ. ಬಾಲ್ಟಿಮೋರಿನ ಆ ತಾಯಿಯ ಬಳಿ ತರಬೇತಿಗೆ ಹೋಗಿದ್ದರೆ ನಾವು ಮೊದಲ ದಿನವೇ ಅನುತ್ತೀರ್ಣರಾಗುತ್ತಿದ್ದೆವು.

ಈಗ ಹುಡುಗರ ಕೈಯಲ್ಲಿ ಮೊಬೈಲ್ ಇದೆ, ಪುಸ್ತಕ ಓದುವವರಾರೆಂದು ಹಿರಿಯರು ನಿಟ್ಟುಸಿರಿಡುವುದನ್ನು ನಾವು ದಿನವೂ ಕೇಳುತ್ತೇವೆ. ನೂರೈವತ್ತು ವರ್ಷಗಳ ಹಿಂದೆ ಅಗ್ಗದ ಕಾದಂಬರಿಗಳನ್ನು ಕುರಿತು ಇದೇ ನಿಟ್ಟುಸಿರನ್ನಿಟ್ಟಿದ್ದರು. ಅಂದು ದೂರುತ್ತ ಕುಳಿತವರಿಂದ ಏನೂ ಆಗಲಿಲ್ಲ. ಕುರ್ಚಿಯ ಕಾಲು ಕತ್ತರಿಸಿದವರಿಂದ, ಬಂಡಿ ಕಟ್ಟಿದವರಿಂದ, ಮುನ್ನೂರು ಪುಸ್ತಕ ಓದಿದವರಿಂದ ಆಯಿತು. ಆದುದರಿಂದ ನಮ್ಮ ಸದ್ಭಕ್ತರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ ಇಷ್ಟೇ. ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿರಿ. ವರ್ಷದಲ್ಲಿ ಹತ್ತು ಪುಸ್ತಕಗಳನ್ನಾದರೂ ಹದಿಹರೆಯದವರ ಕಣ್ಣಿನಿಂದ ಓದಿರಿ. ಮನೆಯ ಮಗನೋ ಮಗಳೋ ಪುಸ್ತಕ ಕೇಳಿದರೆ, ಹಿಂದೆ ಏನನ್ನು ಓದಿ ಸಂತೋಷಪಟ್ಟಿರೆಂದು ಮೊದಲು ವಿಚಾರಿಸಿರಿ. ಒಂದರ ಬದಲು ಮೂರನ್ನು ಮುಂದಿಟ್ಟು ಆಯ್ಕೆಯನ್ನು ಅವರಿಗೇ ಬಿಡಿರಿ. ಅವರು ಮರಳಿ ಬಂದಾಗ ಪರೀಕ್ಷೆ ಮಾಡಬೇಡಿರಿ. ಮುಂದಿನ ಪುಸ್ತಕವನ್ನು ಸಿದ್ಧವಾಗಿಟ್ಟುಕೊಂಡಿರಿ.